ತಿಪ್ಪೆಯಲ್ಲಿ ಸಿಗದ ಮೂರು ತುಂಡು

ಡೆಂಕಣಿಕೋಟೆ
ಆಗಸ್ಟ್ 21

ಪ್ರಿಯ ಉಮಾಶಂಕರ್,

ಫೋನಿನಲ್ಲಿ ನಿಮ್ಮ ದನಿ ಕೇಳಿದರೆ ಇದನ್ನು ಹೇಳಲಾರೆ, ಅದಕ್ಕೇ ಕಾಗದ.

ತೊಂಬತ್ತು ದಿನಕ್ಕೆ ಮಣ್ಣಲ್ಲಿ ಕರಗುತ್ತದೆಂದು ನೀವು ನಿಮ್ಮ ಲ್ಯಾಬಿನಲ್ಲಿ ಮಾಡಿ ಕೊಟ್ಟ ಸರ್ಕ್ಯೂಟ್ ಬೋರ್ಡಿನ ಮೂರು ತುಂಡುಗಳನ್ನು ಮಾರ್ಚ್‌ನಲ್ಲಿ ನನ್ನ ಶಾಲೆಯ ಮಕ್ಕಳು ಪಕ್ಕದ ಮನೆಯ ಅಂಜಿನಮ್ಮನ ತಿಪ್ಪೆಯಲ್ಲಿ ಹೂತಿದ್ದರಲ್ಲ. ಜೂನ್‌ನಲ್ಲಿ ಕೆದಕಿದಾಗ ಒಂದೂ ಸಿಗಲಿಲ್ಲ. ಕರಗಿತೆಂದು ನಿಮಗೆ ಹೇಳಿದವಳು ನಾನೇ. ಆಮೇಲೆ ಎಷ್ಟೋ ದಿನ, ಪಾಠ ಮಾಡುವಾಗಲೂ, ಲೋಕದ ಹಳೆಯ ಫೋನುಗಳೆಲ್ಲ ಮಂಜಿನಂತೆ ಮಣ್ಣಿಗಿಳಿಯುವುದೇ ಕಣ್ಣ ಮುಂದೆ.

ನಿನ್ನೆ ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದ ಅಂಜಿನಮ್ಮ ಸೆರಗಿನ ಗಂಟು ಬಿಚ್ಚಿದರು. "ನೀವು ಕೆದಕೋಕೆ ಮುಂಚೇನೇ ತಿಪ್ಪೇಲಿದ್ದ ಅರ್ಧ ಗೊಬ್ರ ಹೊಲಕ್ಕೆ ಹೊಡೆಸ್ಬುಟ್ಟಿದ್ನಲ್ಲ ಟೀಚರ್, ಇವು ನಿಮ್ಮವಲ್ವಾ?" ಮೂರೂ ತುಂಡು ಇಬ್ಬನಿಯಲ್ಲಿ ತೊಳೆದಂತೆ ಹಸಿರಾಗಿ ಹೊಳೆಯುತ್ತಿದ್ದವು.

ಏಳನೇ ಕ್ಲಾಸಿನ ಚಂದ್ರಲೇಖಾ ಕೇಳಿದಳು, "ಕಾಣ್ಲಿಲ್ಲ ಅಂದ್ರೆ ಕರಗ್ತು ಅಂತ ಹೆಂಗೆ ಬರ್ಕೊಂಡ್ವಿ ಟೀಚರ್?" ಬರೆಸಿದ್ದು ನಿಮ್ಮ ಬೋರ್ಡು ಗೆಲ್ಲಲೆಂಬ ನನ್ನ ಆಸೆ.

ನಿಮ್ಮ ವರದಿಯಿಂದ ನಮ್ಮ ಶಾಲೆಯಲ್ಲಿ ಕರಗಿತೆಂಬ ಸಾಲು ತೆಗೆದುಬಿಡಿ. ನಮ್ಮ ಮದುವೆಯ ಓಡಾಟದಲ್ಲಿ ಮರೆಯದೆ ಆರು ತುಂಡು ಕಳಿಸಿ, ಮೂರು ನಿಮ್ಮವು, ಮೂರು ಮಾಮೂಲಿ ಬೋರ್ಡಿನವು. ಯಾವುದು ನಿಮ್ಮದೆಂದು ನನಗೆ ಮಾತ್ರ ಹೇಳಬೇಡಿ. ಇದು ಮಕ್ಕಳ ಷರತ್ತು. ಗೊತ್ತಾದರೆ ನಾನು ಮತ್ತೆ ಕರಗಿತೆಂದೇ ಹೇಳುತ್ತೇನಂತೆ.

ನಿಮ್ಮ
ಗೌತಮಿ