ನಾರ್ವೆಯ ಮುದುಕ ಕಂಬಂಗೆ ಬಂದ ಮೇಲೆ

ಅಣ್ಣಾ,

ನೀನು ಸತ್ತದ್ದನ್ನು ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಎಷ್ಟೋ ಆಫೀಸುಗಳಿಗೆ ಬರೆದು ಕಳಿಸಿದೆ. ನಿನಗೇ ಬರೆದಿರಲಿಲ್ಲ. ನಮ್ಮ ಮನೆಮಾತು ಕನ್ನಡದಲ್ಲಿ ಅದನ್ನು ಬರೆಯುವುದಕ್ಕೆ ಕೈ ಬರುತ್ತಿರಲಿಲ್ಲ. ಇವತ್ತು ಬರೆಯುತ್ತಿದ್ದೇನೆ, ಯಾಕೆಂದರೆ ನಿನಗೊಂದು ಸುದ್ದಿ ಹೇಳಬೇಕು.

ಅಮೆರಿಕದಿಂದ ವೀಡಿಯೊ ಕಾಲ್‌ನಲ್ಲಿ ನೀನು ದೋಣಿ ತೋರಿಸಿದ ದಿನ ನೆನಪಿದೆಯಾ? ಕೊಡೈಕಾನಲ್ ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತಿದ್ದವನು ಹಡಗಿನ ಅಡುಗೆಮನೆ ಸೇರಿ, ಅಲ್ಲಿಂದ ಪಂದ್ಯದ ಹಾಯಿದೋಣಿಗೆ ಹೋಗಿದ್ದೆ. ನೂರು ವರ್ಷ ದಾಟಿದ ಮರದ ದೋಣಿ, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. "ಆ ಕಾಲದಲ್ಲಿ ಇದರ ಹಗ್ಗ ಎಳೆದೋರೆಲ್ಲ ನಾರ್ವೆಯಿಂದ ಹೊಟ್ಟೆಪಾಡಿಗೆ ಬಂದೋರಂತೆ ಕಣೇ. ಫೋಟೋದಲ್ಲಿ ಯಜಮಾನನ ಹೆಸರಿದೆ, ಅವರದ್ದು ಒಂದೂ ಇಲ್ಲ" ಅಂದೆ ನೀನು. ಪಕ್ಕದಲ್ಲಿ ನಿಂತಿದ್ದ ದೋಣಿಯ ಜೊತೆಗಾರ, ಮುದುಕ ಹಾಕೋನ್‌ನನ್ನು ತೋರಿಸಿದೆ. ಅವನ ತಾತ ಅಂಥವರಲ್ಲೊಬ್ಬ, ದುಡಿದು ಊರಿಗೆ ಮರಳಿದವನು. ಅವನೂ ಹರೆಯದಲ್ಲೇ ನಾರ್ವೆ ಬಿಟ್ಟು ಬಂದವನು. "ನಾವೂ ಅಷ್ಟೇ ಅಲ್ವಾ, ಎಲ್ಲಿಂದಲೋ ತಮಿಳುನಾಡಿಗೆ, ಕಂಬಂಗೆ ಬಂದೋರು" ಎಂದು ನೀನು ನಕ್ಕೆ. ಅತ್ತಿಗೆ ಫೋನ್ ಕಿತ್ತುಕೊಂಡು, "ಬರೋದು ಯಾವಾಗ ಅದನ್ನ ಹೇಳಿ ಮೊದಲು" ಅಂದಳು. ನೀನು ಮತ್ತೆ ದೋಣಿಯ ಕಡೆಗೇ ಕ್ಯಾಮೆರಾ ತಿರುಗಿಸಿದೆ.

ಸುದ್ದಿ ಬಂದಾಗ ನಾನು ಆಗಷ್ಟೇ ಸ್ಕೂಲಿನಿಂದ ಬಂದಿದ್ದೆ. ಪಂದ್ಯದ ನಡುವೆ ಗಾಳಿ ಎದ್ದಿತ್ತಂತೆ, ಸಿಕ್ಕಿಕೊಂಡ ಹಾಯಿ ಬಿಡಿಸಲು ನೀನು ಮುಂದಕ್ಕೆ ಹೋದೆಯಂತೆ, ಅಲೆ ಹೊತ್ತುಕೊಂಡು ಹೋಯಿತಂತೆ. ಹುಡುಕಿದರು, ಸಿಗಲಿಲ್ಲ. ಅಮ್ಮ ಒಂದೇ ಮಾತು ಹೇಳಿದಳು: "ಹೆಣ ತೋರಿಸಿ. ಆಮೇಲೆ ಅಳ್ತೀನಿ."

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಯಾರೂ ಅಳುವ ಹಾಗಿರಲಿಲ್ಲ, ಅಣ್ಣಾ. ಅತ್ತಿಗೆಗೆ ಅಮ್ಮನೇ ದಿನಾ ಕುಂಕುಮ ಇಟ್ಟು ಹೂ ಮುಡಿಸುತ್ತಿದ್ದಳು. ಆಂಡಿಪಟ್ಟಿಯಿಂದ ಅತ್ತಿಗೆಯ ಅಪ್ಪ ಕರೆದೊಯ್ಯಲು ಬಂದರೆ ಅಮ್ಮ ಬಾಗಿಲಿಗೆ ಅಡ್ಡ ನಿಂತಳು. "ಗಂಡ ಬದುಕಿರುವಾಗ ಎಲ್ಲಿಗೆ ಕರ್ಕೊಂಡು ಹೋಗ್ತೀರಿ?" ಆ ಮನುಷ್ಯ ತಲೆ ಬಗ್ಗಿಸಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದ. ಹಿತ್ತಲಲ್ಲಿ ಅತ್ತಿಗೆ ನನ್ನ ಕೈ ಹಿಡಿದು ಕೇಳಿದಳು, "ನಾನು ಅಳಬೌದಾ ಅಂತ ಯಾರನ್ನ ಕೇಳಬೇಕು?"

ಹಾಗಿರುವಾಗ ತೇನಿ ಬಸ್ಸಿನಿಂದ ಹಾಕೋನ್ ಇಳಿದ. ಬಿಸಿಲಿಗೆ ಮುಖವೆಲ್ಲ ಕೆಂಪಾಗಿತ್ತು. ನೀನೇ ಕಳಿಸಿದ್ದೀಯ ಎಂದುಕೊಂಡು ಅಮ್ಮ ಓಡಿಬಂದಳು. "ನನ್ನ ಮಗ ಎಲ್ಲಿ ಸಾಮಿ?"

ನಾನು ಇಂಗ್ಲಿಷಿನಲ್ಲಿ ಕೇಳಿದೆ. ಅವನು ಬಲಗೈ ಚಾಚಿ ಹೇಳಿದ. "ಈ ಕೈಯಲ್ಲಿದ್ದ. ಅಂಗಿಯ ತೋಳು ಹಿಡಿದಿದ್ದೆ. ಇನ್ನೊಂದು ಅಲೆ ಬಂತು." ಅದನ್ನು ಅಮ್ಮನಿಗೆ ಹೇಳುವ ಬಾಯಿ ನನ್ನದೇ ಆಗಬೇಕಿತ್ತಾ, ಅಣ್ಣಾ?

"ದೋಣಿ ತಿರುಗಿಸಲಿಲ್ವಾ?" ಅಂದಳು ಅಮ್ಮ.

"ತಿರುಗಿಸಿದೆವು. ಅಷ್ಟು ದೊಡ್ಡ ಹಾಯಿ, ಬೇಗ ತಿರುಗಲ್ಲ. ಆ ತಣ್ಣೀರಿನಲ್ಲಿ ಮನುಷ್ಯ ಬಹಳ ಹೊತ್ತು ಇರಲಾರ."

"ಕೂಗಿದ್ನಾ?"

ಕೂಗಿದೆಯಂತೆ. ಏನೆಂದು ಅವನಿಗೆ ತಿಳಿಯಲಿಲ್ಲವಂತೆ, ನಮ್ಮ ಮಾತಿನಲ್ಲಿ ಕೂಗಿದೆಯಂತೆ. ಅಮ್ಮ ಅವನ ಎರಡೂ ಕೈ ಹಿಡಿದು, "ಹೆಂಗಿತ್ತು ಸದ್ದು? ಹೇಳು, ಹೇಳು" ಅಂದಳು. ಅವನು ತುಟಿ ಆಡಿಸಿದ. ಬಂದದ್ದು ಯಾವ ಮಾತೂ ಅಲ್ಲ. ಆಗ ಅಮ್ಮ ಅಂಗಳದಲ್ಲೇ ಕುಸಿದು ಕೂತು ಅತ್ತಳು. ಒಳಗಿಂದ ಅತ್ತಿಗೆಯ ದನಿಯೂ ಎದ್ದಿತು. ಅಂಥ ಅಳು ನಾನು ಕೇಳಿಲ್ಲ.

ಊರ ಹತ್ತಿರದ ಸುರುಳಿ ತೀರ್ಥದಲ್ಲಿ ನಿನ್ನ ಕರ್ಮ ಮಾಡಿದೆವು. ಹೆಣವಿಲ್ಲದ್ದಕ್ಕೆ ದರ್ಭೆಯಲ್ಲಿ ಒಂದು ಆಕಾರ ಮಾಡಿ ಚಿಕ್ಕಪ್ಪ ಕೊಳ್ಳಿ ಇಟ್ಟ. ಅಷ್ಟು ಸಣ್ಣಗಿದ್ದೆ ನೀನು. ಹಾಕೋನ್ ಮೊಣಕಾಲುದ್ದ ನೀರಿನಲ್ಲಿ ಅಲ್ಲಾಡದೆ ನಿಂತಿದ್ದ. ನೆಂಟರ ಹೆಂಗಸರು ಅತ್ತಿಗೆಯ ಬಳೆ ಒಡೆಯಲು ಬಂದರೆ, ಅಮ್ಮ ನಡುವೆ ನುಗ್ಗಿದಳು. "ಯಾರೂ ಮುಟ್ಟಬೇಡಿ ಅವಳನ್ನ. ಇಷ್ಟು ದಿನ ನಾನು ಮಾಡಿದ್ದೇ ಸಾಕು."

ಮರುದಿನ ಅಮ್ಮನೇ ಅತ್ತಿಗೆಯನ್ನು ಆಂಡಿಪಟ್ಟಿಗೆ ಬಿಟ್ಟು ಬಂದಳು. ಹಿಂದಿರುಗಿ ಗೋಡೆಗೆ ಮುಖ ಮಾಡಿ ಮಲಗಿದವಳು ಎಷ್ಟು ಕರೆದರೂ ಊಟಕ್ಕೆ ಏಳಲಿಲ್ಲ. ಈಗಲೂ ಅರ್ಧ ಊಟಕ್ಕೆ ಎದ್ದುಬಿಡುತ್ತಾಳೆ. ಸಮಾಧಾನವಾಗಿದೆ ಎಂದು ನಿನಗೆ ಸುಳ್ಳು ಹೇಳಲಾರೆ.

ಸುದ್ದಿ ಇದು: ಹೋದ ವಾರ ಅತ್ತಿಗೆಗೆ ಮದುವೆಯಾಯಿತು. ಗಂಡು ಕಂಬಂ–ಕುಮಳಿ ಮಿನಿಬಸ್ ಓಡಿಸುತ್ತಾನೆ. ಅತ್ತಿಗೆ ಮೊದಲು ಒಲ್ಲೆ ಎಂದಿದ್ದಳು. ಕೊನೆಗೆ ಅವಳೇ ಫೋನ್ ಮಾಡಿ, "ಅತ್ತೆ ಒಂದ್ಸಲ ಅವರನ್ನ ನೋಡಲಿ" ಅಂದಳಂತೆ. ಅಮ್ಮ ಹೋಗಿ ಅವನೆದುರು ಕೂತಳು. ಜಾತಕ ಕೇಳಲಿಲ್ಲ, ಜಮೀನು ಕೇಳಲಿಲ್ಲ.

"ಸಾಯಂಕಾಲ ಮನೆಗೆ ಬರ್ತೀಯಾಪ್ಪಾ?" ಅಂದಳು.

"ಬರ್ತೀನಮ್ಮಾ" ಅಂದ ಅವನು.

ನಿನ್ನ ತಂಗಿ