ಕುಕ್ಕರಿನ ರಬ್ಬರು ಮತ್ತು ಅಪ್ಪನ ದೋಣಿ

ಎಂ.ಸಿ.ಸಿ. ಬಿ ಬ್ಲಾಕ್, ದಾವಣಗೆರೆ
12 ನವೆಂಬರ್ 2025, ಬುಧವಾರ

ಪ್ರೀತಿಯ ಅಮ್ಮಾ,

ಹೋದ ವಾರ ಒಂದು ಬೆಳಿಗ್ಗೆ ಎದ್ದಾಗ, ನೀನು ಬ್ಯಾಗು ತೂಗುಹಾಕುತ್ತಿದ್ದ ಮೊಳೆಯಲ್ಲಿ ಒಂದು ಹೊಸ ಕುಕ್ಕರಿನ ರಬ್ಬರು ನೇತಾಡುತ್ತಿತ್ತು. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ. ನಿನ್ನ ಮಂಡಿನೋವು ಹೇಗಿದೆ? ಹರಿಹರದ ಚಿಕ್ಕಮ್ಮನ ಮನೆಯ ಮೆಟ್ಟಿಲು ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತೀಯ? ಫೋನಿನಲ್ಲೇ ಕೇಳಬಹುದಿತ್ತು. ಆದರೆ ಸುನೀತಾ ಚಿಕ್ಕಮ್ಮ ಫೋನನ್ನು ಸ್ಪೀಕರಿಗೆ ಹಾಕಿ ಅಡುಗೆಕಟ್ಟೆಯ ಮೇಲಿಟ್ಟು, ನಿನ್ನನ್ನು ಕೇಳಿದ್ದಕ್ಕೆಲ್ಲ ತಾನೇ ಉತ್ತರ ಕೊಡುತ್ತಾಳೆ. ಅದಕ್ಕೇ ಈ ಕಾಗದ. ದಿನಾ ಹರಿಹರಕ್ಕೆ ಕೆಲಸಕ್ಕೆ ಬರುವ ಎದುರುಮನೆಯ ಸುಮಕ್ಕನ ಕೈಯಲ್ಲಿ, ಚಟ್ನಿಪುಡಿ ಡಬ್ಬಿಯ ತಳದಲ್ಲಿಟ್ಟು ಕಳಿಸುತ್ತಿದ್ದೇನೆ.

ನೀನು ಹೋಗಿ ಹದಿನೆಂಟು ದಿನವಾಯಿತು. ಅಪ್ಪ ತಾವೇ ಪ್ಲೈವುಡ್ಡಿನಲ್ಲಿ ಮಾಡಿದ ರಿಮೋಟ್ ದೋಣಿಯ ಸ್ವಿಚ್ಚಿಗೆ ನೀರು ಹೋಗಬಾರದೆಂದು ನಿನ್ನ ಕುಕ್ಕರಿನ ರಬ್ಬರು ಕತ್ತರಿಸಿದ ದಿನ, “ಕುಕ್ಕರಿನ ರಬ್ಬರಿಗೇ ಬೆಲೆ ಇಲ್ಲದ ಮನ್ಯಾಗ ನನಗೇನು ಬೆಲೆ ಐತೆ?” ಎಂದು ಬಾಗಿಲಲ್ಲಿ ಕೇಳಿ ಹೊರಟೆಯಲ್ಲ, ಅಪ್ಪ ಇನ್ನೂ ಅದಕ್ಕೆ ಉತ್ತರ ಹುಡುಕುತ್ತಿದ್ದಾರೆ. ಆ ರಬ್ಬರು ಕೊನೆಗೆ ಉಪಯೋಗಕ್ಕೂ ಬರಲಿಲ್ಲ. ಅದರ ಚೂರು ಅಂಟಿಸಿದ ಸ್ವಿಚ್ಚನ್ನು ದೋಣಿಯ ಸಮೇತ ಹಿಡಿದು ಕೆ.ಬಿ. ಬಡಾವಣೆಯ ಗೌಸ್ ಪೀರ್ ಅವರ ರಿಪೇರಿ ಅಂಗಡಿಗೆ ಹೋದೆವು. ಅವರು ಅದನ್ನು ಮೂಸಿ ನೋಡಿ, “ಹಾಲೇಶಣ್ಣಾರೆ, ಬ್ಯಾಳಿ ವಾಸನೆ ಬರ್ತೈತೆ. ಅದೂ ಅಲ್ದೆ ಇದು ಟಾರ್ಚಿನ ಸ್ವಿಚ್ಚು. ನಿಮ್ಮ ಮೋಟಾರ್ ಎಳೆಯೋ ಕರೆಂಟಿಗೆ, ನೀರು ಬರೋದ್ರೊಳಗೇ ಸುಟ್ಟು ಹೋಗ್ತೈತೆ” ಎಂದು, ಇಪ್ಪತ್ತು ಆಂಪಿಯರ್ ತಡೆಯುವ, ಮೇಲೆ ರಬ್ಬರಿನ ಟೊಪ್ಪಿಗೆ ಇರುವ ಸ್ವಿಚ್ಚು ಕೊಟ್ಟರು.

ಅಪ್ಪನಿಗೆ ಹತ್ತಿರದ್ದು ಕಾಣುವುದಿಲ್ಲವೆಂದು ವೈರಿಂಗ್ ಅಂಗಡಿಯಲ್ಲೇ ಕೂತು ನಾನೇ ಮಾಡಿದೆ. ನಗಬೇಡ. ಬ್ಯಾಟರಿಯ ಕೆಂಪು ವೈರನ್ನು ಕತ್ತರಿಸಿ ನಡುವೆ ಸ್ವಿಚ್ಚು ಕೂರಿಸಬೇಕು. ಬೆಸುಗೆಯ ಮೇಲೆ, ಬಿಸಿ ತಾಗಿಸಿದರೆ ಬಿಗಿಯಾಗುವ ಕೊಳವೆ ತೊಡಿಸಬೇಕು. ವೈರು ಸ್ವಿಚ್ಚಿಗೆ ಸೇರುವ ಮುಂಚೆ ಒಮ್ಮೆ ಕೆಳಗೆ ಬಾಗಬೇಕು, ಆಗ ಅದರ ಮೇಲೆ ಹರಿದ ನೀರು ಬಾಗಿದಲ್ಲೇ ತೊಟ್ಟಿಕ್ಕುತ್ತದೆ. ಕನ್ನಡ ಎಂ.ಎ. ಸೆಮಿನಾರಿನಲ್ಲಿ ಜನರ ಮುಂದೆ ಪ್ರಬಂಧ ಓದುವಾಗ ಎರಡು ಪುಟ ಹಾರಿಸಿದ ನಾನು ಇಲ್ಲಿ ಒಂದು ಬೆಸುಗೆಯನ್ನೂ ಕೆಡಿಸಲಿಲ್ಲ. ಗೌಸ್ ಪೀರ್ ಭೂತಗನ್ನಡಿಯಲ್ಲಿ ನೋಡಿ, “ಕೈ ಚಲೋ ಐತೆ ತಂಗಿ” ಎಂದರು. ಥ್ಯಾಂಕ್ಸ್ ಹೇಳಲು ನನಗೆ ಬಾಯಿ ಬರುವಷ್ಟರಲ್ಲಿ ಮನೆ ಬಂದಿತ್ತು.

ಆದರೂ ಕುಂದವಾಡ ಕೆರೆಯಲ್ಲಿ ದೋಣಿ ನಡುನೀರಿಗೆ ಹೋಗಿ ನಿಂತುಬಿಟ್ಟಿತು. ಗಾಳಿ ಅದನ್ನು ದಡಕ್ಕೆ ತರುವವರೆಗೆ ಎರಡು ಗಂಟೆ ಕಾದೆವು. ವಾಕಿಂಗ್ ಬಂದವರೆಲ್ಲ ಸಲಹೆ ಕೊಟ್ಟರು. ಒಬ್ಬರು, “ಹಾರನ್ ಹೊಡೀರಿ ಡ್ರೈವರ್ ಸಾಹೇಬ್ರೆ” ಎಂದರು. ಅಪ್ಪ ಅಲ್ಲಿಂದ ನೇರ ಅಂಗಡಿಗೆ ಹೋಗಿ, “ಏನ್ರೀ ನಿಮ್ಮ ವಾಟರ್‌ಪ್ರೂಫು?” ಎಂದು ಜೋರು ಮಾಡಿದರು. ಗೌಸ್ ಪೀರ್ ಸ್ವಿಚ್ಚಿನ ಟೊಪ್ಪಿಗೆ ಬಿಚ್ಚಿದರು. ಒಳಗೆ ವಿಭೂತಿ, ಕುಂಕುಮ, ಒಂದು ಅಕ್ಷತೆಯ ಕಾಳು. ಮೂವತ್ತು ವರ್ಷ ಸ್ಟೇರಿಂಗಿಗೆ ಕುಂಕುಮ ಹಚ್ಚದೆ ಡಿಪೋದಿಂದ ಬಸ್ಸು ಹೊರಡಿಸದ ನಮ್ಮಪ್ಪ, ನಾನು ಸ್ನಾನಕ್ಕೆ ಹೋದಾಗ ಸ್ವಿಚ್ಚಿಗೆ ಪೂಜೆ ಮಾಡಿ ಟೊಪ್ಪಿಗೆಯನ್ನು ಸೊಟ್ಟಗೆ ಹಾಕಿದ್ದರು. “ಟೊಪ್ಪಿಗಿ ಮ್ಯಾಲೆ ಹಚ್ಚಿದ್ರೆ ಹಣೆಗೆ ಮುಟ್ಟತೈತೇನ್ರೀ?” ಎಂಬುದು ಅಪ್ಪನ ವಾದ. “ನೀರು ಬರಂಗಿಲ್ಲ ಅಂತ ಗ್ಯಾರಂಟಿ ಕೊಟ್ಟಿದ್ದೆ ಅಣ್ಣಾರೆ, ಕುಂಕುಮ ಬರಂಗಿಲ್ಲ ಅಂತ ಕೊಟ್ಟಿದ್ನಾ?” ಎನ್ನುತ್ತಾ ಗೌಸ್ ಪೀರ್ ಇನ್ನೊಂದು ಸ್ವಿಚ್ಚು ತೆಗೆದರು.

ಸ್ಕೂಟರಿನಲ್ಲಿ ಮನೆಗೆ ಬರುವಾಗ ಅಪ್ಪ ನಿಜ ಹೇಳಿದರು. ಈ ಭಾನುವಾರ ಹರಿಹರದ ಹೊಳೆಗೆ ಬಂದು, ಮೆಟ್ಟಿಲ ಮೇಲೆ ನಿಂತ ನಿನಗೆ ಹೊಸ ರಬ್ಬರನ್ನು ದೋಣಿಯಲ್ಲಿಟ್ಟು ಕಳಿಸಬೇಕಂತೆ. “ಕೈಯಾಗ ಕೊಟ್ರೆ ಮುಖ ತಿರುಗಿಸ್ತಾಳೆ. ದೋಣ್ಯಾಗ ಹೋದ್ರೆ ನಗ್ತಾಳೆ. ನಕ್ರೆ ಮನಿಗೆ ಬರ್ತಾಳೆ” ಎಂದರು. ಅಲ್ಲಿಯೂ ದೋಣಿ ನಡುನೀರಿನಲ್ಲಿ ನಿಂತರೆ, ನಿನ್ನನ್ನು ಇನ್ನೊಮ್ಮೆ ಕರೆಯುವ ಧೈರ್ಯ ಅವರಿಗೆ ಬರಲಿಕ್ಕಿಲ್ಲ ಅಮ್ಮಾ. ಇದನ್ನೆಲ್ಲ ನಾನು ಹೇಳಿದೆನೆಂದು ತೋರಿಸಿಕೊಳ್ಳಬೇಡ.

ಚಿಕ್ಕಮ್ಮ, ಚಿಕ್ಕಪ್ಪನಿಗೆ ನನ್ನ ನಮಸ್ಕಾರ. ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ.

ನಿನ್ನ ಮಗಳು
ರಶ್ಮಿ

ಮರೆತಿದ್ದೆ: ಮೊಳೆಯಲ್ಲಿರುವ ರಬ್ಬರು ದೊಡ್ಡ ಕುಕ್ಕರಿನದು, ನಮ್ಮದಕ್ಕೆ ಕೂರುವುದಿಲ್ಲ. ಅಪ್ಪ ಅದನ್ನು ದಿನಕ್ಕೆರಡು ಸಲ ಒರೆಸಿಡುವುದನ್ನು ನೋಡಿ ಹೇಳುವ ಮನಸ್ಸಾಗಲಿಲ್ಲ. ನಾನೊಬ್ಬಳೇ ಪಾತ್ರೆ ಅಂಗಡಿಗೆ ಹೋಗಿ, ಬಾಯಿಬಿಟ್ಟು ಕೇಳಿ, ಸರಿಯಾದದ್ದು ತಂದಿದ್ದೇನೆ. ದೋಣಿಯಲ್ಲಿ ಬರುವುದು ಅದೇ. ಹೊಸ ಸ್ವಿಚ್ಚಿನ ಟೊಪ್ಪಿಗೆಯನ್ನು ಅಂಟು ಹಾಕಿ ಕೂರಿಸಿಬಿಟ್ಟಿದ್ದೇನೆ, ಪೂಜೆಯನ್ನು ದೋಣಿಯ ಮೂತಿಗೆ ಮಾಡಿಕೊಳ್ಳಲಿ. ಇನ್ನೊಂದು. ಕೆರೆಯ ದಡದಲ್ಲಿ ರಿಮೋಟು ಹಿಡಿದ ಅಪ್ಪ ತಿರುವಿಗೊಮ್ಮೆ ಬಲಗಾಲಿನಲ್ಲಿ ಬ್ರೇಕು ಹುಡುಕುತ್ತಿದ್ದರು. ನಿನ್ನನ್ನು ಎದುರಿಗೆ ನೋಡಿದರೆ ಏನೇನು ಹುಡುಕುತ್ತಾರೋ. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಹೊಳೆಯ ಕೆಳಗಿನ ಮೆಟ್ಟಿಲಿಗೆ ಬಾ. ಎಷ್ಟೇ ಜನ ನೋಡುತ್ತಿರಲಿ, ರಿಮೋಟು ನಾನೇ ಹಿಡಿಯುತ್ತೇನೆ.