ಅಮ್ಮ ಡ್ರ್ಯಾಗನ್ ಕೊಂದ ಸುದ್ದಿ

ಅಪ್ಪಾ,

ಈ ಪತ್ರ ನಿಮಗೆ ತಲುಪುವುದಿಲ್ಲ ಎಂಬ ಧೈರ್ಯದ ಮೇಲೆ, ಸಕಲ ಗೌರವಗಳೊಂದಿಗೆ ವರದಿ ಒಪ್ಪಿಸುತ್ತಿದ್ದೇನೆ: ಅಮ್ಮ ಇವತ್ತು ಡ್ರ್ಯಾಗನ್ ಕೊಂದಳು!

ಹೌದು, ನಾನು ಆಡುವ ಅದೇ ಆನ್‌ಲೈನ್ ಆಟದಲ್ಲಿ. “ತಿಂಗಳು ತಿಂಗಳು ಚಂದಾ ಕಟ್ಟಿ ಯಾರದೋ ಗಣಿಯಲ್ಲಿ ಕಲ್ಲು ಒಡೀತೀಯಲ್ಲೋ! ದುಡ್ಡು ಕೊಟ್ಟು ಕೂಲಿ ಮಾಡೋನು ನೀನೊಬ್ಬನೇ” ಎಂದು ಬಾಗಿಲಲ್ಲಿ ನಿಂತು ಬೈಯುತ್ತಿದ್ದಿರಿ. ಬೈದು ಮುಗಿದ ಮೇಲೂ ಹೋಗದೆ ನೋಡುತ್ತಿದ್ದಿರಿ.

ನೀವು ತೀರಿಕೊಂಡ ಮೇಲೆ ಅಮ್ಮ ಗೋಡೆ ನೋಡುತ್ತಾ ಕೂತುಬಿಟ್ಟಿದ್ದಳು. ನಮ್ಮ ತಂಡದಲ್ಲಿ ಗಾಯ ವಾಸಿಮಾಡುವ ಪಾತ್ರಕ್ಕೆ ಜನವಿರಲಿಲ್ಲ; ಮನೆಯಲ್ಲಿ ನಿವೃತ್ತ ನರ್ಸ್ ಇದ್ದಳು. ಎಳೆದು ಕೂರಿಸಿದೆ. ಗುರಾಣಿ ಹಿಡಿದು ಮುಂದೆ ನಿಂತವನನ್ನು ಮೊದಲು ಉಳಿಸಬೇಕೆಂದು ಹೇಳಿಕೊಟ್ಟರೂ, ವಾರ್ಡಿನ ರೌಂಡ್ಸಿಗೆ ಬಂದವಳಂತೆ ಸಾಲಾಗಿ ಒಬ್ಬೊಬ್ಬರನ್ನೇ ವಿಚಾರಿಸುತ್ತಾ ಹೋದಳು. ಎರಡು ಸಲ ಇಡೀ ತಂಡ ವೀರಸ್ವರ್ಗ ಸೇರಿತು.

ಮೂರನೇ ಸಲ ಮೈಕಿನಲ್ಲಿ ಗುಡುಗಿದಳು: “ಏಯ್ ಕೊಡಲಿಯವನೇ, ಹಿಂದೆ ಸರಿ! ಅಲ್ಲಿ ಗುರಾಣಿಯಣ್ಣನ ಪ್ರಾಣ ಹೋಗ್ತಿದೆ, ನಿಂದು ಬರೀ ತರಚು ಗಾಯ!” ಯಾವ್ಯಾವುದೋ ಊರಿನ ಮಹಾವೀರರೆಲ್ಲ “ಆಯ್ತು ಸಿಸ್ಟರ್” ಎಂದು ತೆಪ್ಪಗೆ ಹಿಂದೆ ಸರಿದರು. ಡ್ರ್ಯಾಗನ್ ಉರುಳಿತು! ಅಮ್ಮ ಕುರ್ಚಿಯಿಂದೆದ್ದು ಚಪ್ಪಾಳೆ ತಟ್ಟಿದಳು.

ಅಷ್ಟರಲ್ಲಿ ಚಂದಾ ಮುಗಿಯುತ್ತಿದೆ ಎಂಬ ಸೂಚನೆ ಪರದೆಯ ಮೇಲೆ ಬಂತು. ನಾನು ಬಾಯಿ ತೆರೆಯುವ ಮೊದಲೇ ಅಂದಳು: “ಮುಂದಿನ ತಿಂಗಳಿಗೂ ಕಟ್ಟಿಬಿಡೋ.”

ಅಪ್ಪಾ, ನೀವಿಲ್ಲದ ಈ ಮನೆಯಲ್ಲಿ ಅವಳು ಮುಂದಿನ ತಿಂಗಳ ಮಾತಾಡಿದ್ದು ಇದೇ ಮೊದಲು.